ಒಳ್ಳೆಯ ನರ್ಸ್ ಒಳ್ಳೆಯ ಇನ್‌ಚಾರ್ಜ್ (ವಾರ್ಡ್ ನಡೆಸುವವರು) ಆಗಲು, ಒಳ್ಳೆಯ ಟೀಚರ್ ಆಗಲು ನಾಯಕತ್ವ, ಬೋಧನೆಯ ಸ್ನಾತಕೋತ್ತರ ಓದು ಏಕೆ ಬೇಕು?

ಐಸಿಯುನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನರ್ಸ್ ಬಾಗಿಲಲ್ಲಿ ನಿಂತೇ ರೋಗಿಯನ್ನು ನೋಡಿ, "ಇವರ ಲಕ್ಷಣ ಯಾಕೋ ಸರಿಯಿಲ್ಲ, ಡಾಕ್ಟರನ್ನ ಕರೀರಿ" ಅನ್ನುತ್ತಾರೆ. ಬಹಳ ಸಲ ಅವರ ಮಾತು ನಿಜವಾಗುತ್ತದೆ. ಹೇಗೆ ಗೊತ್ತಾಯಿತು ಎಂದು ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಕೇಳಿದರೆ ಸಿಗುವ ಉತ್ತರ, "ನೋಡ್ತಾ ನೋಡ್ತಾ ಗೊತ್ತಾಗುತ್ತೆ." ಉತ್ತರವೇನೋ ಸುಳ್ಳಲ್ಲ. ಆದರೆ ಕಲಿಯಲು ಬಂದವಳಿಗೆ ಅದರಿಂದ ಏನೂ ಸಿಗಲಿಲ್ಲ.

ನರ್ಸಿಂಗ್ ಕೌಶಲ ಬೆಳೆಯುವ ಬಗೆಯನ್ನು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಐದು ಹಂತಗಳಾಗಿ ವಿವರಿಸಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಪರಿಣತರಿಗೆ ನಿಯಮ ನೆನಪಿಗೂ ಬರುವುದಿಲ್ಲ, ಇಡೀ ಪರಿಸ್ಥಿತಿ ಒಂದೇ ನೋಟಕ್ಕೆ ಹೊಳೆಯುತ್ತದೆ. ಸಮಸ್ಯೆ ಇರುವುದೂ ಇಲ್ಲೇ. ಪರಿಣತಿ ಹೆಚ್ಚಿದಷ್ಟೂ ಅದನ್ನು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಕಲಿಸುವವರಿಗೆ ಬೇಕಾದ್ದು ಮಾತ್ರ ಅದೇ ಬಿಡಿಸಿ ಹೇಳುವ ಶಕ್ತಿ. ವಾರ್ಡ್ ನಡೆಸುವವರಿಗೂ ಅಷ್ಟೇ: "ನಮ್ಮಲ್ಲಿ ಜನ ಸಾಲದು" ಎಂದು ಎಲ್ಲರಿಗೂ ಅನ್ನಿಸುತ್ತಿರುತ್ತದೆ, ಆದರೆ ಎಷ್ಟು ಸಾಲದು, ಯಾವ ಪಾಳಿಯಲ್ಲಿ, ಯಾವ ಲೆಕ್ಕದಿಂದ ಎಂದು ಕಾಗದದ ಮೇಲೆ ತೋರಿಸದ ಹೊರತು ಆಡಳಿತ ಕದಲುವುದಿಲ್ಲ. ನಾಯಕತ್ವ ಮತ್ತು ಬೋಧನೆಯ ಸ್ನಾತಕೋತ್ತರ ಓದು ಮಾಡುವ ಕೆಲಸ ಮುಖ್ಯವಾಗಿ ಇದು: ಕೈಗೂ ಕಣ್ಣಿಗೂ ಗೊತ್ತಿರುವುದನ್ನು ಬೇರೆಯವರು ನೋಡಿ, ಎಣಿಸಿ, ಪ್ರಶ್ನಿಸಬಹುದಾದ ರೂಪಕ್ಕೆ ತರುವುದು.

ನಾಯಕತ್ವ, ಬೋಧನೆ ಎರಡೂ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಶುರುವಾದಾಗಿನಿಂದಲೂ, ವಾರ್ಡ್ ನೋಡಿಕೊಳ್ಳುವವರೇ ಹೊಸಬರಿಗೆ ಕಲಿಸುವವರೂ ಆಗಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು 1899ರಲ್ಲಿ 'ಆಸ್ಪತ್ರೆ ಅರ್ಥಶಾಸ್ತ್ರ' ಎಂಬ ಕೋರ್ಸ್ ಆರಂಭಿಸಿದ್ದು ಆಸ್ಪತ್ರೆ ಮತ್ತು ನರ್ಸಿಂಗ್ ಶಾಲೆ ಎರಡನ್ನೂ ನಡೆಸಬಲ್ಲ ನರ್ಸ್‌ಗಳನ್ನು ತಯಾರು ಮಾಡಲೆಂದೇ. ಅಲ್ಲಿಗೆ 1907ರಲ್ಲಿ ಬಂದ ಮೇರಿ ಅಡಿಲೇಡ್ ನಟಿಂಗ್ ವಿಶ್ವದ ಮೊದಲ ನರ್ಸಿಂಗ್ ಪ್ರೊಫೆಸರ್. ಒಂದೇ ಬೇರಿನಿಂದ ಚಿಗುರಿದ ಈ ಎರಡು ಕವಲುಗಳು ಆಮೇಲೆ ಬೇರೆ ಬೇರೆ ಪದವಿಗಳಾದವು.

ಓದಿನ ಚೌಕಟ್ಟು

ಪೂರ್ಣಾವಧಿಯಾದರೆ ಸಾಮಾನ್ಯವಾಗಿ ಎರಡು ವರ್ಷ; ಕೆಲಸದಲ್ಲಿದ್ದುಕೊಂಡು ಓದಿದರೆ ಇನ್ನೂ ಹೆಚ್ಚು. ಮೊದಲ ಭಾಗ ಎಲ್ಲರಿಗೂ ಸಮಾನ: ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ನರ್ಸಿಂಗ್ ಸಿದ್ಧಾಂತ, ಆರೋಗ್ಯ ನೀತಿ. ಹಲವು ಕಡೆ ಇದರ ಜೊತೆಗೆ ಮುಂದುವರಿದ ದೇಹಕ್ರಿಯಾಶಾಸ್ತ್ರ, ಔಷಧಶಾಸ್ತ್ರ, ರೋಗಿಯ ತಪಾಸಣೆಯೂ ಇರುತ್ತವೆ. ಪಾಠ ಹೇಳಲು ಹೊರಟವರಿಗೆ ಈ ಮೂರು ಏಕೆ ಎಂದು ಗೊಣಗುವವರಿದ್ದಾರೆ. ವಿದ್ಯಾರ್ಥಿ "ಈ ಮದ್ದು ಕೊಟ್ಟಮೇಲೆ ಪೊಟ್ಯಾಸಿಯಂ ಯಾಕೆ ಇಳಿಯಿತು?" ಎಂದು ವಾರ್ಡ್‌ನಲ್ಲಿ ಕೇಳಿದ ದಿನ ಆ ಗೊಣಗಾಟ ನಿಲ್ಲುತ್ತದೆ.

ಆಮೇಲೆ ದಾರಿ ಬೇರೆಯಾಗುತ್ತದೆ. ನಾಯಕತ್ವದ ಕಡೆ ಹೋದವರು ಸಿಬ್ಬಂದಿ ಯೋಜನೆ, ಬಜೆಟ್, ಗುಣಮಟ್ಟ ಸುಧಾರಣೆ, ಕಾನೂನು, ಆಸ್ಪತ್ರೆಯ ದತ್ತಾಂಶ ವ್ಯವಸ್ಥೆ ಓದುತ್ತಾರೆ. ಬೋಧನೆಯ ಕಡೆ ಹೋದವರದು ಪಠ್ಯಕ್ರಮ ರಚನೆ, ಬೋಧನಾ ವಿಧಾನ, ಪರೀಕ್ಷೆ ಮತ್ತು ಮೌಲ್ಯಮಾಪನ, ಸಿಮ್ಯುಲೇಶನ್ (ಬೊಂಬೆಗಳ ಮೇಲೆ, ಕೃತಕ ಸನ್ನಿವೇಶಗಳಲ್ಲಿ ಅಭ್ಯಾಸ). ಎರಡಕ್ಕೂ ಕೊನೆಯಲ್ಲಿ ಕ್ಷೇತ್ರ ತರಬೇತಿ ಮತ್ತು ಒಂದು ಪ್ರಾಜೆಕ್ಟ್ ಅಥವಾ ಪ್ರಬಂಧ ಇರುತ್ತದೆ. ಇದರ ಮೇಲೆ ಡಾಕ್ಟರೇಟ್ ಬೇಕೆನ್ನುವವರಿಗೆ ಅಮೆರಿಕದಲ್ಲಿ ಎರಡು ಬಗೆಗಳಿವೆ: ಹೊಸ ಜ್ಞಾನ ಹುಡುಕುವ ಪಿಎಚ್.ಡಿ., ಮತ್ತು ಇರುವ ಜ್ಞಾನವನ್ನು ವೃತ್ತಿಯಲ್ಲಿ ಜಾರಿಗೆ ತರುವ ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್). ಮುಂದುವರಿದ ನರ್ಸಿಂಗ್ ವೃತ್ತಿಗೆ ಡಿಎನ್‌ಪಿಯೇ ಪದವಿಯಾಗಬೇಕು ಎಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲಿ ನಿಲುವು ತೆಗೆದುಕೊಂಡಿತು. ಅದಕ್ಕೆ ಬೇಸಿಕ್ ಪದವಿಯ ನಂತರ ಕನಿಷ್ಠ 1,000 ಗಂಟೆಗಳ ಕ್ಷೇತ್ರ ಕೆಲಸ ಎಂಬ ಲೆಕ್ಕ ಬಹುಕಾಲ ನಡೆದುಬಂತು.

ಎಷ್ಟು ಜನ ಬೇಕು: ಒಂದು ಲೆಕ್ಕ

ನಾಯಕತ್ವ ಎಂದಕೂಡಲೇ ಭಾಷಣ, ಸ್ಫೂರ್ತಿ, ವ್ಯಕ್ತಿತ್ವ ಎಂದು ಭಾವಿಸಿ ಬರುವವರಿಗೆ ಮೊದಲ ಸೆಮಿಸ್ಟರಿನಲ್ಲೇ ನಿರಾಸೆ ಕಾದಿರುತ್ತದೆ. ಅರ್ಧ ನಾಯಕತ್ವ ಅಂಕಗಣಿತ.

ಮೂವತ್ತು ಹಾಸಿಗೆಯ ವಾರ್ಡ್ ಇದೆ ಅಂದುಕೊಳ್ಳಿ. ಸರಾಸರಿ 27 ರೋಗಿಗಳು. ಒಬ್ಬ ರೋಗಿಗೆ ದಿನಕ್ಕೆ 6 ಗಂಟೆ ನರ್ಸಿಂಗ್ ಆರೈಕೆ ಬೇಕು ಎಂದು ನಿಗದಿಯಾಗಿದೆ. ದಿನಕ್ಕೆ 162 ಗಂಟೆ ಆಯಿತು. ಎಂಟು ಗಂಟೆಯ ಪಾಳಿಯಾದರೆ ದಿನಕ್ಕೆ ಸುಮಾರು 20 ಜನ. ವರ್ಷಕ್ಕೆ ಬೇಕಾಗುವ ಗಂಟೆ 162 ಗುಣಿಸು 365, ಅಂದರೆ 59,130. ವಾರಕ್ಕೆ 40 ಗಂಟೆಯಂತೆ ಒಬ್ಬ ನರ್ಸ್‌ಗೆ ವರ್ಷದಲ್ಲಿ 2,080 ಗಂಟೆಗೆ ಸಂಬಳ ಕೊಡುತ್ತೇವೆ. ಭಾಗಿಸಿದರೆ 28.4. ಹಾಗಾಗಿ 29 ಹುದ್ದೆ ಸಾಕು ಎಂದು ಬರೆದು ಕಳಿಸಿದರೆ ವಾರ್ಡ್ ಮೂರೇ ತಿಂಗಳಲ್ಲಿ ಸುಸ್ತಾಗುತ್ತದೆ.

ತಪ್ಪಿದ್ದೆಲ್ಲಿ? ಸಂಬಳ ಕೊಟ್ಟ ಗಂಟೆಗಳೆಲ್ಲ ಹಾಸಿಗೆಯ ಪಕ್ಕದಲ್ಲಿ ಕಳೆಯುವ ಗಂಟೆಗಳಲ್ಲ. ವಾರ್ಷಿಕ ರಜೆ, ಕಾಯಿಲೆ ರಜೆ, ತರಬೇತಿ ಎಲ್ಲ ಸೇರಿ ಶೇ. 15 ಹೋದರೆ ಕೈಗೆ ಸಿಗುವುದು 1,768 ಗಂಟೆ. ಈಗ 59,130ನ್ನು 1,768ರಿಂದ ಭಾಗಿಸಿ: 33.4. ಅಂದರೆ 34 ಜನ. ನಡುವಿನ ಐದು ಹುದ್ದೆಗಳ ಕಂದಕವನ್ನು ತುಂಬುವುದು ಓವರ್‌ಟೈಮ್, ರದ್ದಾದ ರಜೆ, ಕೊನೆಗೆ ರಾಜೀನಾಮೆ.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ರೋಗಿಗಳ ಎಣಿಕೆಯನ್ನು ಬಹುತೇಕ ಆಸ್ಪತ್ರೆಗಳು ನಡುರಾತ್ರಿ ಮಾಡುತ್ತವೆ. ಬೆಳಗ್ಗೆ ಆರು ಜನ ಡಿಸ್ಚಾರ್ಜ್, ಸಂಜೆಯೊಳಗೆ ಆರು ಹೊಸ ಅಡ್ಮಿಷನ್ ಆದರೆ ನಡುರಾತ್ರಿಯ ಸಂಖ್ಯೆ ಎಳ್ಳಷ್ಟೂ ಬದಲಾಗುವುದಿಲ್ಲ. ವಾರ್ಡ್‌ನಲ್ಲಿ ಆ ದಿನ ಯಾರೂ ಕೂತಿರುವುದಿಲ್ಲ, ಅಷ್ಟೆ. ಈ ಓಡಾಟವನ್ನು ಬೇರೆಯಾಗಿ ಎಣಿಸಿ ಲೆಕ್ಕಕ್ಕೆ ಸೇರಿಸಬೇಕು. ಇಪ್ಪತ್ತು ಜನರನ್ನು ಮೂರು ಪಾಳಿಗೆ ಹಂಚುವಾಗಲೂ ಸಮನಾಗಿ ಹಂಚುವುದು ಸುಲಭ, ಸರಿಯಲ್ಲ. ಶಸ್ತ್ರಚಿಕಿತ್ಸೆಯ ರೋಗಿಗಳು ಮಧ್ಯಾಹ್ನ ವಾಪಸಾಗುವ ವಾರ್ಡ್‌ಗೂ ಕಿಮೊಥೆರಪಿ ವಾರ್ಡ್‌ಗೂ ಒತ್ತಡದ ಹೊತ್ತು ಬೇರೆ.

ಬಜೆಟ್ ಸಭೆಯಲ್ಲೂ ಇದೇ ಗಂಟೆಗಳು ಕೆಲಸಕ್ಕೆ ಬರುತ್ತವೆ. ತಿಂಗಳಿಗೆ 810 ರೋಗಿ-ದಿನ (ಒಬ್ಬ ರೋಗಿ ಒಂದು ದಿನ ವಾರ್ಡ್‌ನಲ್ಲಿದ್ದರೆ ಒಂದು ರೋಗಿ-ದಿನ) ಎಂದು ಅಂದಾಜಿಸಿ 4,860 ಗಂಟೆ ಮಂಜೂರಾಗಿತ್ತು, ಖರ್ಚಾದದ್ದು 5,200. "340 ಗಂಟೆ ಹೆಚ್ಚು ಬಳಸಿದ್ದೀರಿ" ಎಂಬ ಆಕ್ಷೇಪ ಬರುತ್ತದೆ. ಆ ತಿಂಗಳು ನಿಜವಾಗಿ 850 ರೋಗಿ-ದಿನ ಆಗಿದ್ದರೆ ಆರು ಗಂಟೆಯ ಲೆಕ್ಕದಲ್ಲೇ 5,100 ಬೇಕಿತ್ತು. 340ರಲ್ಲಿ 240 ರೋಗಿಗಳು ಹೆಚ್ಚಿದ್ದರಿಂದ. ವಿವರಣೆ ಕೊಡಬೇಕಾದ್ದು ಉಳಿದ 100 ಗಂಟೆಗೆ ಮಾತ್ರ. ಇಷ್ಟು ಬಿಡಿಸಿ ಹೇಳಲು ಬಂದರೆ ಸಭೆಯ ಧಾಟಿಯೇ ಬದಲಾಗುತ್ತದೆ.

ಇಷ್ಟೆಲ್ಲ ಏಕೆ ಎಂಬುದಕ್ಕೆ ಪುರಾವೆಯೂ ಪಠ್ಯದ ಭಾಗ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನಗಳೊಳಗೆ ಸಾವಿನ ಸಂಭವ ಶೇ. 7ರಷ್ಟು ಹೆಚ್ಚುವುದು ಕಂಡಿತು. ಸ್ನಾತಕೋತ್ತರ ವಿದ್ಯಾರ್ಥಿ ಇದನ್ನು ಉಲ್ಲೇಖಿಸಿದರೆ ಸಾಲದು. ಇದು ಒಂದೇ ಸಮಯದಲ್ಲಿ ತೆಗೆದ ದತ್ತಾಂಶ, ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಅದೊಂದೇ ಸಾಬೀತು ಮಾಡದು ಎಂದೂ ಹೇಳಬಲ್ಲವರಾಗಬೇಕು. ಇಲ್ಲವಾದರೆ ಎದುರಿಗೆ ಕೂತ ಹಣಕಾಸು ಅಧಿಕಾರಿ ಅದನ್ನು ಹೇಳುತ್ತಾರೆ.

ಸುಧಾರಣೆ ಆಯಿತೆಂದು ಹೇಳುವ ಮುನ್ನ

ಆರೈಕೆಯ ಗುಣಮಟ್ಟವನ್ನು ನೋಡಲು ವೈದ್ಯ ಅವೆಡಿಸ್ ಡೊನಬೀಡಿಯನ್ 1966ರಲ್ಲಿ ಕೊಟ್ಟ ಮೂರು ಕಿಟಕಿಗಳೇ ಈಗಲೂ ಚಾಲ್ತಿಯಲ್ಲಿವೆ: ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ. ರೋಗಿಗಳು ಬೀಳುವ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಹಾಸಿಗೆಯ ಕಂಬಿ ಇದೆಯೇ, ಕರೆಗಂಟೆ ಕೈಗೆಟಕುತ್ತದೆಯೇ ಎನ್ನುವುದು ವ್ಯವಸ್ಥೆ. ದಾಖಲಾದ ಕೂಡಲೇ ಬೀಳುವ ಅಪಾಯವನ್ನು ಅಳೆದು ಬರೆದರೇ ಎನ್ನುವುದು ಪ್ರಕ್ರಿಯೆ. ಎಷ್ಟು ಜನ ಬಿದ್ದರು ಎನ್ನುವುದು ಫಲಿತಾಂಶ.

ಈ ಫಲಿತಾಂಶವನ್ನು ಬರಿ ಎಣಿಕೆಯಾಗಿ ಹೇಳಬಾರದು. ತಿಂಗಳಲ್ಲಿ 810 ರೋಗಿ-ದಿನ, 3 ಬೀಳುವಿಕೆ ಆದರೆ ಸಾವಿರ ರೋಗಿ-ದಿನಕ್ಕೆ 3.7. ಮುಂದಿನ ತಿಂಗಳು 780 ರೋಗಿ-ದಿನ, 2 ಬೀಳುವಿಕೆ: 2.6. ನೋಟಿಸ್ ಬೋರ್ಡ್‌ನಲ್ಲಿ "ಶೇ. 30 ಇಳಿಕೆ" ಎಂದು ಹಾಕುವ ಆಸೆ ಸಹಜ. ಆದರೆ ಒಂದು ಬೀಳುವಿಕೆಯ ವ್ಯತ್ಯಾಸ ಬರಿಯ ಆಕಸ್ಮಿಕವೂ ಇರಬಹುದು. ಅದಕ್ಕೇ ತಿಂಗಳ ದರಗಳನ್ನು ಸಾಲಾಗಿ ಗುರುತಿಸಿ, ನಡುವೆ ಮಧ್ಯಾಂಕದ (ದರಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆಯ) ಗೆರೆ ಎಳೆದು ಕಾಯಬೇಕು. ಸತತ ಆರು ಅಥವಾ ಹೆಚ್ಚು ಬಿಂದುಗಳು ಗೆರೆಯ ಒಂದೇ ಬದಿಗೆ ಬಿದ್ದರೆ ಆಗ ಏನೋ ಬದಲಾಗಿದೆ ಎನ್ನಲು ಆಧಾರ ಸಿಕ್ಕಿತು.

ಇನ್ನೊಂದು ತಿರುವು ಹೊಸ ಇನ್‌ಚಾರ್ಜ್‌ಗಳನ್ನು ಬಹಳ ಕಂಗೆಡಿಸುತ್ತದೆ. ನಡೆದ ತಪ್ಪನ್ನು ವರದಿ ಮಾಡಿದವರನ್ನು ಬಯ್ಯುವುದಿಲ್ಲ ಎಂಬ ನಂಬಿಕೆ ಹುಟ್ಟಿದ ವಾರ್ಡ್‌ನಲ್ಲಿ ಮೊದಲು ವರದಿಯಾದ ತಪ್ಪುಗಳ ಸಂಖ್ಯೆ ಏರುತ್ತದೆ. ಕೆಟ್ಟದಾದದ್ದು ವಾರ್ಡ್ ಅಲ್ಲ. ಮುಚ್ಚಿಟ್ಟದ್ದು ಹೊರಗೆ ಬರುತ್ತಿದೆ. ಈ ಏರಿಕೆಗೆ ಹೆದರಿ ಶಿಸ್ತು ಕ್ರಮಕ್ಕೆ ಇಳಿದರೆ ಮುಂದಿನ ತಿಂಗಳ ವರದಿ ಚೊಕ್ಕವಾಗಿರುತ್ತದೆ, ರೋಗಿಗಳು ಮೊದಲಿನಷ್ಟೇ ಬೀಳುತ್ತಿರುತ್ತಾರೆ.

ಬದಲಾವಣೆಯನ್ನು ತರುವ ವಿಧಾನಕ್ಕೆ ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ಚಕ್ರವನ್ನು ಕಲಿಸುತ್ತಾರೆ. ಎಲ್ಲರಿಗೂ ಬಾಯಿಪಾಠ, ಬಹಳ ಮಂದಿ ಮಾಡುವುದು ಮಾತ್ರ ತಲೆಕೆಳಗು. ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್‌ಗೆ ಎಸ್‌ಬಾರ್ (SBAR) ಎಂಬ ಕ್ರಮ ಇದೆ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಇದನ್ನು ಜಾರಿಗೆ ತರಬೇಕೆಂದರೆ ಸಾಮಾನ್ಯವಾಗಿ ಏನಾಗುತ್ತದೆ? ಇಡೀ ಆಸ್ಪತ್ರೆಗೆ ಒಂದು ದಿನದ ತರಬೇತಿ, ಗೋಡೆಗೆ ಪೋಸ್ಟರ್, ಎರಡು ಪುಟದ ಫಾರಂ. ಹದಿನೈದು ದಿನಕ್ಕೆ ಫಾರಂ ಖಾಲಿ ಉಳಿಯುತ್ತದೆ.

ಚಕ್ರ ಹೇಳುವುದು ಬೇರೆ. ನಾಳೆ ಒಂದು ಪಾಳಿಯಲ್ಲಿ, ಒಬ್ಬ ನರ್ಸ್, ನಾಲ್ಕು ರೋಗಿಗಳಿಗೆ ಮಾತ್ರ ಮಾಡಿ ನೋಡಲಿ. ಎಷ್ಟು ನಿಮಿಷ ಹಿಡಿಯಿತು, ಯಾವ ಖಾನೆ ಯಾರಿಗೂ ಬೇಡವಾಯಿತು ಎಂದು ಕೇಳಿ. ಫಾರಂ ತಿದ್ದಿ. ನಾಡಿದ್ದು ಮೂವರು. ಮುಂದಿನ ವಾರ ಇಡೀ ರಾತ್ರಿ ಪಾಳಿ. ಜೊತೆಗೆ ಒಂದು ಸಮತೋಲನದ ಅಳತೆಯೂ ಬೇಕು: ಹ್ಯಾಂಡ್‌ಓವರ್ ಚೆನ್ನಾಯಿತು ಸರಿ, ಆದರೆ ಹಿಂದಿನ ಪಾಳಿಯವರು ಅರ್ಧ ಗಂಟೆ ತಡವಾಗಿ ಮನೆಗೆ ಹೋಗುವಂತಾದರೆ ಅದು ನಿಲ್ಲುವ ಬದಲಾವಣೆಯಲ್ಲ.

ತಪ್ಪು ನಡೆದಾಗ ಕಾರಣ ಹುಡುಕುವ ಕೆಲಸದಲ್ಲಿ ಈ ಓದಿನ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. "ನರ್ಸ್ ಗಮನ ಕೊಡಲಿಲ್ಲ, ಮರುತರಬೇತಿ ಕೊಡಲಾಯಿತು" ಎಂದು ಮುಗಿಯುವ ವರದಿಗಳು ಲೆಕ್ಕವಿಲ್ಲದಷ್ಟು. ಮರುತರಬೇತಿ, ಸುತ್ತೋಲೆ, ಎಚ್ಚರಿಕೆ ಇವೆಲ್ಲ ದುರ್ಬಲ ಕ್ರಮಗಳು, ಏಕೆಂದರೆ ಅವು ದಣಿದ ಮನುಷ್ಯನ ನೆನಪನ್ನು ನಂಬಿವೆ. ಒಂದು ಉದಾಹರಣೆ: ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ (ಮದ್ದಿನ ಪುಟ್ಟ ಸೀಸೆ) ನೋಡಲು ಬೇರೆ ಆಂಪೂಲ್‌ಗಳಂತೆಯೇ ಇತ್ತು, ಅದೇ ಟ್ರೇಯಲ್ಲಿತ್ತು. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 1998ರಲ್ಲಿ ಹೊರಡಿಸಿದ ತನ್ನ ಮೊತ್ತಮೊದಲ ಅಪಾಯ ಸೂಚನೆಯ ವಿಷಯ ಇದೇ. ಪರಿಹಾರ "ಲೇಬಲ್ ಮೂರು ಸಲ ಓದಿ" ಎಂಬ ಬೋರ್ಡ್ ಆಗಿರಲಿಲ್ಲ; ಆ ಆಂಪೂಲನ್ನೇ ವಾರ್ಡ್‌ನ ದಾಸ್ತಾನಿನಿಂದ ತೆಗೆಯುವುದಾಗಿತ್ತು. ತಪ್ಪು ಮಾಡಲು ವಸ್ತುವೇ ಕೈಗೆ ಸಿಗದಂತೆ ಮಾಡುವುದು ಬಲವಾದ ಕ್ರಮ.

ಹಾಗೆಂದು ವ್ಯಕ್ತಿಯ ಹೊಣೆ ಇಲ್ಲವೇ ಇಲ್ಲ ಎಂದಲ್ಲ. ಕೈತಪ್ಪಿ ಆದದ್ದಕ್ಕೆ ಸಾಂತ್ವನ, ಅವಸರದಲ್ಲಿ ಅಡ್ಡದಾರಿ ಹಿಡಿದದ್ದಕ್ಕೆ ತಿಳಿಹೇಳುವುದು, ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದಕ್ಕೆ ಶಿಸ್ತು ಕ್ರಮ: ಈ ಮೂರನ್ನು ಬೇರ್ಪಡಿಸಲು ಬಾರದ ಇನ್‌ಚಾರ್ಜ್ ಒಂದೋ ಎಲ್ಲರನ್ನೂ ಹೆದರಿಸುತ್ತಾರೆ, ಇಲ್ಲವೇ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ಪಾಠ ಹೇಳುವುದು ಅಂದರೆ ಸ್ಲೈಡ್ ಓದುವುದಲ್ಲ

ಬೋಧನೆಯ ಕಡೆಗೆ ಬಂದರೆ, ಮೊದಲ ಪೆಟ್ಟು ಬೀಳುವುದು ಪಾಠಯೋಜನೆಯ ಉದ್ದೇಶಗಳ ಮೇಲೆ. "ವಿದ್ಯಾರ್ಥಿಗಳು ಇನ್ಸುಲಿನ್ ಬಗ್ಗೆ ತಿಳಿದುಕೊಳ್ಳುವರು" ಎಂಬ ವಾಕ್ಯವನ್ನು ಅಳೆಯಲು ಸಾಧ್ಯವಿಲ್ಲ. "ಇನ್ಸುಲಿನ್ ಕೊಡುವ ಮುನ್ನ ರಕ್ತದ ಸಕ್ಕರೆ ಪ್ರಮಾಣ ಮತ್ತು ರೋಗಿ ಊಟ ಮಾಡುವ ಹೊತ್ತನ್ನು ನೋಡಿ, ಕೊಡಬೇಕೇ ತಡೆಹಿಡಿಯಬೇಕೇ ಎಂದು ಕಾರಣಸಮೇತ ನಿರ್ಧರಿಸುವರು" ಎಂದು ಬರೆದರೆ ಏನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎರಡೂ ಅದರಲ್ಲೇ ಇವೆ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ತಂಡ 1956ರಲ್ಲಿ ಮಾಡಿದ ಕಲಿಕೆಯ ಹಂತಗಳ ವರ್ಗೀಕರಣ ಇದಕ್ಕೆ ಅಡಿಪಾಯ. ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳು ಇನ್ನೂ ಹತ್ತಿರದವು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸಬಲ್ಲರು, ನಿಜ ಕೆಲಸದಲ್ಲಿ ಮಾಡುತ್ತಾರೆ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕುವ ವಿಧಾನವನ್ನು ಹತ್ತು ಅಂಕದ ಪ್ರಬಂಧವಾಗಿ ಬರೆಸಿ, ವಿದ್ಯಾರ್ಥಿಗೆ ಅದು ಬರುತ್ತದೆ ಎಂದು ತೀರ್ಮಾನಿಸುವುದು ಮೆಟ್ಟಿಲು ತಪ್ಪುವುದೇ.

ಪ್ರಶ್ನೆಪತ್ರಿಕೆಗೆ ನೀಲನಕ್ಷೆ (ಯಾವ ಭಾಗದಿಂದ, ಯಾವ ಮಟ್ಟದ, ಎಷ್ಟು ಪ್ರಶ್ನೆ ಎಂಬ ಯೋಜನೆ) ಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಬಹುತೇಕರು ಪ್ರಶ್ನೆ ಬರೆದಮೇಲೆ ನೀಲನಕ್ಷೆ ತುಂಬುತ್ತಾರೆ. ಕ್ರಮ ಹಿಂದುಮುಂದಾದರೆ ಬರೆಯಲು ಸುಲಭವಾದ ನೆನಪಿನ ಪ್ರಶ್ನೆಗಳೇ ತುಂಬಿಕೊಳ್ಳುತ್ತವೆ. ವ್ಯತ್ಯಾಸ ತಿಳಿಯಲು ಎರಡು ಪ್ರಶ್ನೆ ನೋಡಿ. ಮೊದಲನೆಯದು: "ರಕ್ತಸ್ರಾವದ ಲಕ್ಷಣ ಯಾವುದಲ್ಲ?" ಇದರಲ್ಲಿ ವಿದ್ಯಾರ್ಥಿ ಸರಿ ಉತ್ತರ ಕೊಟ್ಟರೂ ನಮಗೆ ತಿಳಿಯುವುದು ಅತ್ಯಲ್ಪ, ನಕಾರದ ಪದವನ್ನು ಗಮನಿಸಲಿಲ್ಲ ಎಂಬ ಕಾರಣಕ್ಕೆ ತಪ್ಪು ಮಾಡುವ ಜಾಣರೂ ಇರುತ್ತಾರೆ. ಎರಡನೆಯದು: "ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಎರಡು ಗಂಟೆ. ಬಿಪಿ 118/76 ಇದ್ದದ್ದು 98/60 ಆಗಿದೆ, ನಾಡಿ 84ರಿಂದ 116ಕ್ಕೆ ಏರಿದೆ. ರೋಗಿ ಚಡಪಡಿಸುತ್ತಿದ್ದಾರೆ. ಬ್ಯಾಂಡೇಜ್ ಒಣದಾಗಿಯೇ ಇದೆ. ಮೊದಲು ಯಾವ ಅನುಮಾನ ಬರಬೇಕು?" ಆಯ್ಕೆಗಳು: ನೋವು, ಒಳಗಿನ ರಕ್ತಸ್ರಾವ, ಗಾಯದ ಸೋಂಕು, ಅರಿವಳಿಕೆಯ ಮಂಪರು.

ಇಲ್ಲಿ ಪ್ರತಿ ತಪ್ಪು ಆಯ್ಕೆಯೂ ಮಾತಾಡುತ್ತದೆ. ನೋವು ಎಂದವರು ನಾಡಿ ಏರಿದ್ದನ್ನು ನೋಡಿದರು, ನೋವಿಗೆ ಸಾಮಾನ್ಯವಾಗಿ ಬಿಪಿಯೂ ಏರುತ್ತದೆ ಎಂಬುದನ್ನು ಮರೆತರು. ಸೋಂಕು ಎಂದವರಿಗೆ ಎರಡು ಗಂಟೆ ಎಂಬ ಅವಧಿಯ ಅರ್ಥವಾಗಿಲ್ಲ. ಒಣ ಬ್ಯಾಂಡೇಜ್ ನೋಡಿ ರಕ್ತಸ್ರಾವವನ್ನು ತಳ್ಳಿಹಾಕಿದವರೇ ನಾಳೆ ವಾರ್ಡ್‌ನಲ್ಲಿ ಅಪಾಯಕಾರಿ. ಟೀಚರ್‌ಗೆ ಮರುದಿನ ಏನು ಕಲಿಸಬೇಕೆಂದು ಉತ್ತರಪತ್ರಿಕೆಯೇ ಹೇಳಿತು.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳಿಗೂ ಪರೀಕ್ಷೆ ನಡೆಯಬೇಕು. ನೂರು ವಿದ್ಯಾರ್ಥಿಗಳಿದ್ದರೆ ಒಟ್ಟು ಅಂಕದಲ್ಲಿ ಮೇಲಿನ 27 ಜನ, ಕೆಳಗಿನ 27 ಜನರನ್ನು ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 22, ಕೆಳಗಿನವರಲ್ಲಿ 10 ಜನ ಸರಿ ಬರೆದಿದ್ದರೆ ಕಠಿಣತೆಯ ಸೂಚ್ಯಂಕ (ಸರಿ ಬರೆದವರ ಪ್ರಮಾಣ) 54ಕ್ಕೆ 32, ಅಂದರೆ 0.59; ಬಲ್ಲವರನ್ನು ಬೇರ್ಪಡಿಸುವ ಶಕ್ತಿ 27ಕ್ಕೆ 12, ಅಂದರೆ 0.44. ಇಟ್ಟುಕೊಳ್ಳಬೇಕಾದ ಪ್ರಶ್ನೆ. ಇನ್ನೊಂದಕ್ಕೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 15 ಎಂದರೆ ಶಕ್ತಿ ಮೈನಸ್ 0.22. ಚೆನ್ನಾಗಿ ಓದಿದವರೇ ತಪ್ಪುತ್ತಿದ್ದಾರೆ ಎಂದರೆ ಉತ್ತರಸೂಚಿ ತಪ್ಪಿರಬೇಕು, ಅಥವಾ ಎರಡು ಉತ್ತರ ಸರಿಯಿರಬೇಕು. ಆ ಪ್ರಶ್ನೆಯನ್ನು ತೆಗೆದು ಅಂಕ ಮರುಲೆಕ್ಕ ಹಾಕದೆ ಫಲಿತಾಂಶ ಪ್ರಕಟಿಸುವುದು ಅನ್ಯಾಯ. ಒಂದು ಎಚ್ಚರಿಕೆ: ಎಲ್ಲರೂ ಸರಿ ಉತ್ತರಿಸಿದ ಸುರಕ್ಷತೆಯ ಪ್ರಶ್ನೆಗೆ ಬೇರ್ಪಡಿಸುವ ಶಕ್ತಿ ಸೊನ್ನೆ ಬರುತ್ತದೆ, ಅದನ್ನು ಕಿತ್ತುಹಾಕುವುದು ದಡ್ಡತನ.

ಪ್ರಾಯೋಗಿಕ ಪರೀಕ್ಷೆಗೆ ರೊನಾಲ್ಡ್ ಹಾರ್ಡನ್ ತಂಡ 1975ರಲ್ಲಿ ಪರಿಚಯಿಸಿದ ಆಸ್ಕಿ (OSCE) ಪದ್ಧತಿ ಈಗ ಎಲ್ಲೆಡೆ ಇದೆ. ಒಬ್ಬ ಪರೀಕ್ಷಕರ ಮರ್ಜಿಗೆ ಬಿಡದೆ, ಎಲ್ಲ ವಿದ್ಯಾರ್ಥಿಗಳೂ ಒಂದೇ ಸಾಲಿನ ನಿಲ್ದಾಣಗಳನ್ನು (ಒಂದೊಂದರಲ್ಲೂ ಒಂದು ಕೆಲಸ, ಒಬ್ಬ ಪರೀಕ್ಷಕರು) ಹಾದುಹೋಗುತ್ತಾರೆ. ಕಾಗದದ ಮೇಲೆ ಸುಂದರ, ನಡೆಸುವುದು ತ್ರಾಸದಾಯಕ. ಹನ್ನೆರಡು ನಿಲ್ದಾಣ, ತಲಾ 8 ನಿಮಿಷ, ಸರಿದುಹೋಗಲು 2 ನಿಮಿಷ ಎಂದರೆ ಒಂದು ಸುತ್ತಿಗೆ ಎರಡು ಗಂಟೆ. 48 ವಿದ್ಯಾರ್ಥಿಗಳಿಗೆ ನಾಲ್ಕು ಸುತ್ತು, ಎಂಟು ಗಂಟೆ. ಏಳನೇ ಗಂಟೆಯ ಪರೀಕ್ಷಕರು ಮೊದಲ ಗಂಟೆಯ ಪರೀಕ್ಷಕರಲ್ಲ. ಎರಡು ಸಾಲು ಸಮಾನಾಂತರವಾಗಿ ಇಟ್ಟರೆ ನಾಲ್ಕೇ ಗಂಟೆ, ಆದರೆ 24 ಪರೀಕ್ಷಕರು ಬೇಕು, ಮತ್ತು ಒಂದು ಸಾಲಿನಲ್ಲಿ ಕೈಬಿಗಿಯವರು, ಇನ್ನೊಂದರಲ್ಲಿ ಧಾರಾಳಿಗಳು ಸೇರಿದರೆ ಅದೇ ಹಳೆಯ ಮರ್ಜಿ ಹಿಂಬಾಗಿಲಿನಿಂದ ಬಂತು. ಪರೀಕ್ಷೆಗೆ ಮುನ್ನ ಎಲ್ಲ ಪರೀಕ್ಷಕರೂ ಒಂದೇ ವಿಡಿಯೋ ನೋಡಿ ಅಂಕ ಕೊಟ್ಟು, ಎಲ್ಲಿ ಬೇರೆಯಾದೆವು ಎಂದು ಚರ್ಚಿಸುವುದು ಇದಕ್ಕೇ. ಚೆಕ್‌ಲಿಸ್ಟ್‌ನಲ್ಲೂ ಒಂದು ಬಲೆಯಿದೆ: "ಸ್ವಪರಿಚಯ ಮಾಡಿಕೊಂಡರು" ಎಂಬುದಕ್ಕೂ "ರೋಗಿಯ ಗುರುತನ್ನು ಖಚಿತಪಡಿಸಿಕೊಂಡರು" ಎಂಬುದಕ್ಕೂ ತಲಾ ಒಂದೇ ಅಂಕ ಇಟ್ಟರೆ, ತಪ್ಪು ರೋಗಿಗೆ ಮದ್ದು ಕೊಟ್ಟ ವಿದ್ಯಾರ್ಥಿಯೂ ನಗುನಗುತ್ತ ಪಾಸಾಗಬಹುದು.

ವಾರ್ಡ್‌ನಲ್ಲಿ ಕಲಿಸುವುದಂತೂ ಪ್ರತ್ಯೇಕ ವಿದ್ಯೆ. ನರ್ಸಿಂಗ್ ಶಿಕ್ಷಣತಜ್ಞೆ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸ್‌ನ ಯೋಚನೆಯನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿದರು: ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಹಿಂತಿರುಗಿ ಆಲೋಚಿಸುವುದು. ವಿದ್ಯಾರ್ಥಿ ಎಡವಿದಾಗ ಎಲ್ಲಿ ಎಡವಿದಳು ಎಂದು ಕಂಡುಹಿಡಿಯಲು ಇದು ನೆರವಾಗುತ್ತದೆ. ಉಸಿರಾಟದ ವೇಗ ನಿಮಿಷಕ್ಕೆ 28 (ಸಾಮಾನ್ಯಕ್ಕಿಂತ ಹೆಚ್ಚು) ಎಂದು ಬರೆದಿಟ್ಟು ಸುಮ್ಮನಿದ್ದವಳು ಗಮನಿಸಿದ್ದಾಳೆ, ಅರ್ಥೈಸಿಲ್ಲ. ಎಣಿಸದೆ 18 ಎಂದು ಬರೆದವಳು ಗಮನಿಸಿಯೇ ಇಲ್ಲ. ಇಬ್ಬರಿಗೂ ಒಂದೇ ಬೈಗುಳ ಕೊಟ್ಟರೆ ಇಬ್ಬರೂ ಕಲಿಯುವುದಿಲ್ಲ. ಪುರುಸೊತ್ತಿಲ್ಲದ ವಾರ್ಡ್‌ಗೆ 1992ರಲ್ಲಿ ವೈದ್ಯಕೀಯ ಬೋಧನೆಯಿಂದ ಬಂದ ಐದು ಹೆಜ್ಜೆಯ ವಿಧಾನ ಬಹಳ ಅನುಕೂಲ: "ನಿನಗೇನು ಅನ್ನಿಸುತ್ತೆ?" ಎಂದು ನಿಲುವು ಹೇಳಿಸಿ, "ಯಾಕೆ?" ಎಂದು ಆಧಾರ ಕೇಳಿ, ಒಂದೇ ಒಂದು ಸಾಮಾನ್ಯ ನಿಯಮ ಕಲಿಸಿ, ಸರಿ ಮಾಡಿದ್ದನ್ನು ನಿರ್ದಿಷ್ಟವಾಗಿ ಹೇಳಿ, ತಪ್ಪನ್ನು ತಿದ್ದಿ. ಟೀಚರ್ ಮೊದಲ ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುವುದು ಇಲ್ಲಿನ ಸಾಮಾನ್ಯ ದೋಷ. ಮೌನವನ್ನು ತಡೆದುಕೊಳ್ಳುವುದನ್ನೂ ಅಭ್ಯಾಸ ಮಾಡಬೇಕು.

ಸಿಮ್ಯುಲೇಶನ್ ಬಗ್ಗೆ ಚಿಕ್ಕದಾಗಿ. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕ್ಲಿನಿಕಲ್ ಗಂಟೆಗಳ ಅರ್ಧದವರೆಗೆ ಸಿಮ್ಯುಲೇಶನ್ ಬಳಸಿದರೂ ಕಲಿಕೆ ಕುಗ್ಗಲಿಲ್ಲ. ಇದನ್ನು ಕೇಳಿ ದುಬಾರಿ ಬೊಂಬೆ ಕೊಂಡು ಬೀಗ ಹಾಕಿಡುವ ಸಂಸ್ಥೆಗಳು, ಆ ಅಧ್ಯಯನದಲ್ಲಿ ತರಬೇತಾದ ಬೋಧಕರೂ ಕ್ರಮಬದ್ಧವಾದ ನಂತರದ ಚರ್ಚೆಯೂ ಇದ್ದವು ಎಂಬುದನ್ನು ಓದಿರುವುದಿಲ್ಲ. ಕಲಿಕೆ ನಡೆಯುವುದು ಬೊಂಬೆಯ ಹತ್ತಿರವಲ್ಲ, ಆಮೇಲೆ ಸುತ್ತ ಕೂತು ಮಾತಾಡುವಾಗ. ಹದಿನೈದು ನಿಮಿಷದ ಸನ್ನಿವೇಶಕ್ಕೆ ಮೂವತ್ತು ನಿಮಿಷ ಚರ್ಚೆ ಇಟ್ಟುಕೊಳ್ಳದಿದ್ದರೆ ಸನ್ನಿವೇಶವನ್ನೇ ಕೈಬಿಡುವುದು ಲೇಸು.

ಫೇಲ್ ಮಾಡುವುದನ್ನು ಯಾರೂ ಇಷ್ಟಪಡುವುದಿಲ್ಲ, ಆದ್ದರಿಂದ ಅದನ್ನೂ ಕಲಿಸಬೇಕಾಗುತ್ತದೆ. ಅನುಮಾನವಿದ್ದರೂ ಪಾಸು ಮಾಡಿಬಿಡುವ ಪ್ರವೃತ್ತಿಗೆ ದಯೆಯೊಂದೇ ಕಾರಣವಲ್ಲ, ದಾಖಲೆಯ ಕೊರತೆಯೂ ಕಾರಣ. ಹದಿನಾಲ್ಕನೇ ವಾರದಲ್ಲಿ "ಈಕೆ ಸುರಕ್ಷಿತಳಲ್ಲ" ಎಂದರೆ ಯಾರೂ ಒಪ್ಪುವುದಿಲ್ಲ. ನಾಲ್ಕನೇ ವಾರದಿಂದಲೇ ಬರೆದಿರಬೇಕು: ಯಾವ ದಿನ, ಏನು ಮಾಡಿದಳು ಅಥವಾ ಬಿಟ್ಟಳು, ಅಪೇಕ್ಷಿತ ಮಟ್ಟ ಯಾವುದು, ಆಕೆಗೆ ಏನು ಹೇಳಲಾಯಿತು, ಮತ್ತೆ ಯಾವಾಗ ನೋಡಲಾಯಿತು. "ಆಸಕ್ತಿ ಇಲ್ಲ", "ಧೋರಣೆ ಸರಿಯಿಲ್ಲ" ಎಂಬ ಟಿಪ್ಪಣಿಗಳು ಮೇಲ್ಮನವಿಯ ಮುಂದೆ ನಿಲ್ಲುವುದಿಲ್ಲ. "ಮೂರು ರೋಗಿಗಳಲ್ಲಿ ಇಬ್ಬರ ಅಲರ್ಜಿ ಮಾಹಿತಿ ನೋಡದೆ ಔಷಧ ತೆಗೆದರು" ಎಂಬುದು ನಿಲ್ಲುತ್ತದೆ.

ಪ್ರಾಜೆಕ್ಟ್ ಎಡವುವ ಜಾಗಗಳು

ಕೊನೆಯ ವರ್ಷದ ಪ್ರಾಜೆಕ್ಟ್‌ಗಳು ಸೋಲುವುದು ಬುದ್ಧಿವಂತಿಕೆಯ ಕೊರತೆಯಿಂದಲ್ಲ, ಗಾತ್ರದಿಂದ. "ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ" ವಿಷಯವಲ್ಲ, ಇಲಾಖೆ. "ಒಂದು ವಾರ್ಡ್‌ನಲ್ಲಿ ಮೂತ್ರದ ಕ್ಯಾತಿಟರ್ ಇನ್ನೂ ಬೇಕೇ ಎಂದು ದಿನವೂ ಬೆಳಗ್ಗೆ ಕೇಳುವ ಪದ್ಧತಿ ತಂದರೆ ಕ್ಯಾತಿಟರ್-ದಿನಗಳು ಇಳಿಯುತ್ತವೆಯೇ" ಎಂಬುದು ಹದಿನಾರು ವಾರದಲ್ಲಿ ಮುಗಿಯಬಲ್ಲ ಪ್ರಶ್ನೆ. ನೈತಿಕ ಸಮಿತಿಯ ಅನುಮತಿಗೆ ವಾರಗಳು ಹಿಡಿಯುತ್ತವೆ. ಅರ್ಜಿಯನ್ನು ಹಿಂದಿನ ಸೆಮಿಸ್ಟರಿನಲ್ಲೇ ಹಾಕಿರಬೇಕು. ಬದಲಾವಣೆಗೆ ಮುಂಚಿನ ದತ್ತಾಂಶ ತೆಗೆಯದೆ ಕೆಲಸ ಶುರುಮಾಡಿದವರಿಗೆ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ. ತರಬೇತಿಗೆ ಮುಂಚೆ ಮತ್ತು ನಂತರ ಜ್ಞಾನ ಪರೀಕ್ಷೆ ಮಾಡಿ ಅಂಕ ಹೆಚ್ಚಾಯಿತು ಎಂದು ತೋರಿಸುವ ಪ್ರಾಜೆಕ್ಟ್‌ಗಳು ಗ್ರಂಥಾಲಯಗಳಲ್ಲಿ ರಾಶಿ ಬಿದ್ದಿವೆ. ಪಾಠ ಕೇಳಿದ ಮರುಗಂಟೆಯೇ ಅಂಕ ಹೆಚ್ಚುತ್ತದೆ, ಅದರಲ್ಲಿ ವಿಶೇಷವಿಲ್ಲ. ಎರಡು ತಿಂಗಳ ನಂತರ ಹಾಸಿಗೆಯ ಪಕ್ಕದಲ್ಲಿ ಏನು ಬದಲಾಗಿತ್ತು ಎಂಬುದನ್ನು ನೋಡಿದವರು ಕಡಿಮೆ.

ಸೇರುವ ಮುನ್ನ ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಕ್ಷೇತ್ರ ತರಬೇತಿ ಎಷ್ಟು ಗಂಟೆ, ಮಾರ್ಗದರ್ಶಕರನ್ನು ಸಂಸ್ಥೆಯೇ ಒದಗಿಸುತ್ತದೆಯೇ ಅಥವಾ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೇ? ಎರಡನೆಯದಾದರೆ ಓದು ಅಲ್ಲೇ ತಡವಾಗುವ ಸಾಧ್ಯತೆ ಹೆಚ್ಚು. ಬೋಧನೆಯ ತರಬೇತಿಯಲ್ಲಿ ಪಾಠ ಮಾತ್ರ ಹೇಳಿಸುತ್ತಾರೋ, ಪ್ರಶ್ನೆ ಬರೆಸಿ, ಅಂಕ ಕೊಡಿಸಿ, ವಿಶ್ಲೇಷಣೆಯನ್ನೂ ಮಾಡಿಸುತ್ತಾರೋ? ನಾಯಕತ್ವದ ತರಬೇತಿಯಲ್ಲಿ ಮೇಲಧಿಕಾರಿಯ ಹಿಂದೆ ಓಡಾಡಿ ಸಹಿ ಹಾಕಿಸಿಕೊಂಡರೆ ಮುಗಿಯಿತೋ, ನಿಜವಾದ ರೋಸ್ಟರ್ ಹಾಕಿ, ನಿಜವಾದ ಬಜೆಟ್ ವ್ಯತ್ಯಾಸಕ್ಕೆ ವಿವರಣೆ ಬರೆಯಬೇಕೋ? ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ವರದಿಗಳಲ್ಲಿ ಎರಡನ್ನು ತೋರಿಸಿ ಎಂದು ಕೇಳಿ, ಅವುಗಳಲ್ಲಿ ಬದಲಾವಣೆಗೆ ಮುಂಚಿನ ಅಂಕಿಅಂಶ ಇದೆಯೇ ನೋಡಿ.